ಚಿಪ್ಪಿನಡಿ ಒಡೆದ ಚೂರು: ಮಗಳಿಗೆ ಆಪರೇಷನ್ ಬೇಕು, ಅಕ್ಕನ ಮಗನಿಗೆ ಬೇಡ, ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳಿಗೆ 12 ವರ್ಷ. ಮೂರು ವಾರದ ಹಿಂದೆ ಶಾಲೆಯಲ್ಲಿ ಕಬಡ್ಡಿ ಆಡುವಾಗ ಗಕ್ಕನೆ ತಿರುಗಿದಳು. ಮೊಣಕಾಲ ಚಿಪ್ಪು ಬದಿಗೆ ಜಾರಿ, ಕಾಲು ನೀಟುವಾಗ ತಾನಾಗಿ ಒಳಗೆ ಬಂತಂತೆ. ಸಂಜೆ ಆಗುವಾಗ ಮೊಣಕಾಲ ಗಂಟು ಚೆಂಡಿನ ಹಾಗೆ ಊದಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಎರಡು ವಾರ ಎಣ್ಣೆ ಹಾಕಿ ತಿಕ್ಕಿಸಿದೆವು. ಕಡಿಮೆ ಆಗದ್ದಕ್ಕೆ ಮಂಗಳೂರಿಗೆ ಹೋದೆವು. ಎಂಆರ್‌ಐಯಲ್ಲಿ ಚಿಪ್ಪಿನ ಅಡಿಯಿಂದ ಸುಮಾರು ಒಂದೂವರೆ ಸೆಂಟಿಮೀಟರಿನ ಕಾರ್ಟಿಲೇಜ್ ತುಂಡು, ತೆಳು ಮೂಳೆಯ ಸಮೇತ ಎದ್ದು ಬಂದು ಗಂಟಿನೊಳಗೆ ತೇಲುತ್ತಿದೆ ಎಂದಿದೆ. ಬೇಗ ಆಪರೇಷನ್ ಮಾಡಿ ಕೂರಿಸಬೇಕು ಅನ್ನುತ್ತಾರೆ. ಆದರೆ ಉಪ್ಪಳದ ನನ್ನ ಅಕ್ಕನ ಮಗನಿಗೂ ಕಾರ್ಟಿಲೇಜ್ ತೊಂದರೆಯೇ. ಅವನಿಗೆ ಆರು ತಿಂಗಳು ಫುಟ್ಬಾಲ್ ಬಿಡು ಎಂದಷ್ಟೇ ಹೇಳಿದ್ದಾರೆ. ನಮಗೆ ಮಾತ್ರ ಯಾಕೆ ಆಪರೇಷನ್? ಎತ್ತರ ನಿಂತು ಹೋಗುವುದಿಲ್ಲವಾ? ಅವಳು ಯಕ್ಷಗಾನವೂ ಕಲಿಯುತ್ತಿದ್ದಾಳೆ, ಮುಂದೆ ದಿಗಿಣ ಹಾಕಬಹುದಾ? ಮೊಬೈಲಿನಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ ಬಗ್ಗೆ ನೋಡಿದೆ, ಅದು ಆಗುತ್ತದಾ?

ಉತ್ತರ: ಅಮ್ಮಾ, ಮೊದಲಿಗೆ ನೇರವಾಗಿ ಹೇಳುತ್ತೇನೆ. ನೀವು ಬರೆದದ್ದೆಲ್ಲ ಎಂಆರ್‌ಐಯಲ್ಲಿ ಇರುವ ಹಾಗೆಯೇ ಇದ್ದರೆ, ಮಗಳಿಗೆ ಆಪರೇಷನ್ ಮಾಡಿಸಿ. ಬರುವ ರಜೆಯವರೆಗೆ ಕಾಯಬೇಡಿ. ಪರೀಕ್ಷೆ ಮುಗಿಯಲಿ ಅಂತಲೂ ಕಾಯಬೇಡಿ. ನಿಮ್ಮ ಅಕ್ಕನ ಮಗನಿಗೆ ಹೇಳಿದ್ದೂ ಸರಿಯೇ. ಇಬ್ಬರದ್ದೂ ಕಾರ್ಟಿಲೇಜ್ ಎಂಬುದು ನಿಜ. ಆದರೆ ಒಂದೇ ಕಾಯಿಲೆ ಅಲ್ಲ.

ಕಾರ್ಟಿಲೇಜ್ ಅಂದರೆ ಏನು ಅಂತ ಶಾಲೆಯ ಪುಸ್ತಕದಲ್ಲಿ 'ಮೃದ್ವಸ್ಥಿ' ಎಂದು ಓದಿರುತ್ತೀರಿ. ಆ ಶಬ್ದದಿಂದ ನನಗಂತೂ ಏನೂ ಕಣ್ಣಿಗೆ ಕಟ್ಟಲಿಲ್ಲ. ಒಂದು ಬೊಂಡ, ಅಂದರೆ ಎಳನೀರು, ಒಡೆದು ನೋಡಿ. ಗೆರಟೆಯ ಒಳಮೈಗೆ ಬಿಳಿ ಗಂಜಿ ಅಂಟಿಕೊಂಡಿರುತ್ತದಲ್ಲ, ನುಣ್ಣಗೆ, ಜಾರುವ ಹಾಗೆ? ಮೂಳೆಯ ತುದಿಗೆ ಕಾರ್ಟಿಲೇಜ್ ಇರುವುದು ಹೆಚ್ಚು ಕಡಿಮೆ ಹಾಗೆಯೇ. ಗಂಜಿಗಿಂತ ಎಷ್ಟೋ ಗಟ್ಟಿ, ರಬ್ಬರಿನ ಹಾಗೆ ಬಾಗುತ್ತದೆ. ಮೊಣಕಾಲಿನಲ್ಲಿ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್. ಚಿಪ್ಪಿನ ಅಡಿಯಲ್ಲಿ ಇನ್ನೂ ಸ್ವಲ್ಪ ದಪ್ಪ. ಇದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಸುತ್ತಲಿನ ಕೀಲಿನ ನೀರನ್ನು ಹೀರಿ ಬದುಕುತ್ತದೆ. ಕೈಗೆ ಗಾಯವಾದರೆ ರಕ್ತ ಬರುತ್ತದೆ, ಹೆಪ್ಪು ಕಟ್ಟುತ್ತದೆ, ಅದರ ಮೇಲೆ ಹೊಸ ಚರ್ಮ ಬರುತ್ತದೆ. ಇಲ್ಲಿ ರಕ್ತವೇ ಇಲ್ಲದ ಮೇಲೆ ಆ ಕೆಲಸ ಶುರುವಾಗುವುದೇ ಇಲ್ಲ. 1743ರಲ್ಲಿಯೇ ಲಂಡನ್ನಿನ ವೈದ್ಯ ವಿಲಿಯಂ ಹಂಟರ್, ಇದು ಒಮ್ಮೆ ಹಾಳಾದರೆ ಮತ್ತೆ ಸರಿಯಾಗುವುದಿಲ್ಲ ಎಂದು ಬರೆದಿಟ್ಟಿದ್ದರು. ಮಕ್ಕಳ ಕಾರ್ಟಿಲೇಜಿನಲ್ಲಿ ಜೀವಕೋಶ ಜಾಸ್ತಿ, ಅಡಿಯ ಮೂಳೆಯಲ್ಲಿ ರಕ್ತದ ಓಡಾಟವೂ ಜಾಸ್ತಿ. ಹಾಗಾಗಿ ದೊಡ್ಡವರಿಗಿಂತ ಅವರ ಕಥೆ ಸ್ವಲ್ಪ ಆಶಾದಾಯಕ. ಆ ಅನುಕೂಲವನ್ನು ನಾವು ಸಮಯ ಕಳೆದು ಹಾಳು ಮಾಡಬಾರದು, ಅಷ್ಟೇ.

ಈಗ ನಿಮ್ಮ ಮಗಳ ವಿಷಯ. ಬೊಂಡದ ಗಂಜಿ ಮಾತ್ರ ಎದ್ದರೆ ಅದನ್ನು ಮತ್ತೆ ಗೆರಟೆಗೆ ಅಂಟಿಸುವುದು ಕಷ್ಟ. ಗೆರಟೆಯ ಒಂದು ಸಿಬಿರು ಸಮೇತ ಎದ್ದಿದ್ದರೆ, ಆ ಸಿಬಿರನ್ನು ಅದರ ಜಾಗದಲ್ಲಿ ಕೂರಿಸಿ ಮೊಳೆ ಹೊಡೆಯಬಹುದು. ಮೂಳೆಗೆ ಮೂಳೆ ಕೂಡುತ್ತದೆ. ಮೇಲಿರುವ ಕಾರ್ಟಿಲೇಜ್ ಅದರೊಟ್ಟಿಗೆ ಉಳಿಯುತ್ತದೆ. ಮಗಳ ತುಂಡಿನಲ್ಲಿ ತೆಳು ಮೂಳೆ ಇದೆ ಎಂದು ರಿಪೋರ್ಟು ಹೇಳುತ್ತಿದೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಸಮಾಧಾನ ಕೊಟ್ಟ ವಾಕ್ಯ ಅದು. ಮೂಳೆ ಇಲ್ಲದ ತುಂಡನ್ನೂ ಮಕ್ಕಳಲ್ಲಿ ಕೂರಿಸಿ ಕೂಡಿಸಿದ ಉದಾಹರಣೆಗಳು ಇತ್ತೀಚೆಗೆ ಜಾಸ್ತಿಯಾಗಿವೆ. ಆದರೂ ಮೂಳೆ ಇದ್ದರೆ ಧೈರ್ಯ ಬೇರೆ.

ಹಾಗಾದರೆ ಗಡಿಬಿಡಿ ಯಾಕೆ? ತೇಲುವ ತುಂಡು ಕೀಲಿನ ನೀರಿನಲ್ಲಿ ನೆನೆದು ಉಬ್ಬುತ್ತದೆ. ಅಂಚು ಸವೆದು ಉರುಟಾಗುತ್ತದೆ. ಎದ್ದು ಬಂದ ಗುಂಡಿಯಲ್ಲಿ ಅಷ್ಟರಲ್ಲಿ ಗಾಯದ ನಾರು ತುಂಬುತ್ತದೆ. ತಿಂಗಳುಗಟ್ಟಲೆ ಬಿಟ್ಟು ಹೋದರೆ ಬೀಗ ಒಂದು, ಕೀಲಿಕೈ ಇನ್ನೊಂದು ಎಂಬ ಹಾಗೆ ಆಗುತ್ತದೆ. ಮೂರು ವಾರ ಕಳೆದಿದೆ. ತಡವಾಗಿದೆ ಎನ್ನಲಾರೆ. ಆದರೆ ದಿನಗಳನ್ನು ಎಣಿಸುವ ಹೊತ್ತು ಇದು.

ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂತ ಮೊದಲು ನೋಡಿದ ಡಾಕ್ಟರನ್ನು ಬೈಯಬೇಡಿ. ಕಾರ್ಟಿಲೇಜ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಅಂಟಿದ ಮೂಳೆ ಕಾಗದದಷ್ಟು ತೆಳು ಇದ್ದರೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಸುಳಿವು ಕೊಟ್ಟದ್ದು ಆ ಸಂಜೆಯ ಊತ. ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಗಂಟು ಬಿಗಿಯಾಗಿ ಊದಿದರೆ ಒಳಗೆ ತುಂಬಿದ್ದು ನೀರಲ್ಲ, ರಕ್ತ. ಸೂಜಿ ಹಾಕಿ ತೆಗೆದರೆ ಕೆಲವೊಮ್ಮೆ ಆ ರಕ್ತದ ಮೇಲೆ ಸಾರಿನ ಮೇಲಿನ ಎಣ್ಣೆಯ ಹಾಗೆ ಕೊಬ್ಬಿನ ಹನಿಗಳು ತೇಲುತ್ತವೆ. ಮೂಳೆಯ ಒಳಗಿನ ಕೊಬ್ಬು ಅದು. ಎಲ್ಲೋ ಮೂಳೆ ಒಡೆದಿದೆ ಎಂದೇ ಅರ್ಥ. ಮಕ್ಕಳ ಮೊಣಕಾಲು ಅದೇ ದಿನ ಊದಿದರೆ, ಎಕ್ಸ್‌ರೇ ಚೆನ್ನಾಗಿದ್ದರೂ ಎಂಆರ್‌ಐ ಮಾಡಿಸುವುದು ಒಳ್ಳೆಯದು.

ತಿಕ್ಕಿಸಿದ್ದರ ಬಗ್ಗೆ ಒಂದು ಮಾತು. ನಮ್ಮ ಕಡೆ ಉಳುಕಿದರೆ ಎಣ್ಣೆ ಹಾಕಿ ತಿಕ್ಕಿಸುವುದು ರೂಢಿ, ಗೊತ್ತು. ನನ್ನ ಅಜ್ಜಿಯೂ ನನಗೆ ಮಾಡಿದ್ದಾರೆ. ಹಳೆಯ ನೋವಿಗೆ ಮೆಲ್ಲಗೆ ಎಣ್ಣೆ ಸವರಿದರೆ ತೊಂದರೆಯಿಲ್ಲ. ಆದರೆ ಒಳಗೆ ರಕ್ತ ತುಂಬಿದ, ತುಂಡು ಎದ್ದ ಗಂಟನ್ನು ಒತ್ತಿ ಮಡಚಿದರೆ ಆ ತುಂಡು ಎರಡು ಮೂಳೆಗಳ ನಡುವೆ ಸಿಕ್ಕಿ ಅರೆಯುತ್ತದೆ. ಇನ್ನು ಬೇಡ. ಆಗಿಹೋದದ್ದಕ್ಕೆ ಬೇಜಾರೂ ಬೇಡ.

ಆಪರೇಷನ್ ಹೇಗೆ ಮಾಡುತ್ತಾರೆ? ಮೊದಲು ಸಣ್ಣ ತೂತಿನಲ್ಲಿ ಕ್ಯಾಮರಾ ಹಾಕಿ ಒಳಗೆಲ್ಲ ನೋಡುತ್ತಾರೆ. ಇದಕ್ಕೆ ಆರ್ಥ್ರೋಸ್ಕೋಪಿ ಎಂದು ಹೆಸರು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನು ತೆಗೆದುಕೊಂಡು ಹೆಣದ ಮೊಣಕಾಲೊಳಗೆ ಇಣುಕಿದರು. ಇವತ್ತಿನ ಈ ವಿದ್ಯೆಯ ಅಜ್ಜ ಅದು. ತೇಲುವ ತುಂಡನ್ನು ಹಿಡಿದು ತೆಗೆದು, ಅಂಚನ್ನು ಸ್ವಲ್ಪ ಕೆತ್ತಿ, ಗುಂಡಿಯ ತಳವನ್ನು ಕೆರೆದು ರಕ್ತ ಜಿನುಗುವ ಹಾಗೆ ಮಾಡುತ್ತಾರೆ. ಆಮೇಲೆ ತುಂಡನ್ನು ಕೂರಿಸಿ ಸಣ್ಣ ಸಣ್ಣ ಪಿನ್ನು ಅಥವಾ ಸ್ಕ್ರೂ ಹಾಕುತ್ತಾರೆ. ದೇಹದಲ್ಲೇ ಕರಗುವ ಸ್ಕ್ರೂ ಇವೆ, ಲೋಹದ್ದೂ ಇವೆ. ಲೋಹದ್ದಾದರೆ ಕೆಲವು ತಿಂಗಳ ನಂತರ ತೆಗೆಯಲು ಇನ್ನೊಂದು ಚಿಕ್ಕ ಆಪರೇಷನ್ ಬೇಕಾಗಬಹುದು. ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಚಿಪ್ಪಿನ ಅಡಿಗೆ ಕ್ಯಾಮರಾದಿಂದಲೇ ಕೈ ಎಟಕುವುದು ಕಷ್ಟ. ಆದ್ದರಿಂದ ಬದಿಯಲ್ಲಿ ಕೆಲವು ಸೆಂಟಿಮೀಟರ್ ಕೊಯ್ದು ಚಿಪ್ಪನ್ನು ಮಗುಚಿ ಮಾಡುತ್ತಾರೆ. 'ಕೀಹೋಲ್ ಅಂತ ಹೇಳಿ ಕೊಯ್ದರು' ಎಂದು ಆಮೇಲೆ ಬೇಜಾರಾಗುವುದು ಬೇಡ ಅಂತ ಹೇಳಿದೆ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ಚಿಪ್ಪು ಇನ್ನೊಮ್ಮೆ ಜಾರಿದರೆ? ಚಿಪ್ಪು ಹೊರಕ್ಕೆ ಜಾರುವಾಗ ಒಳಬದಿಯಲ್ಲಿ ಅದನ್ನು ಹಿಡಿದಿಡುವ ಹಗ್ಗದಂಥ ಪಟ್ಟಿ ಹರಿದಿರುತ್ತದೆ. ಎಳೆಯ ವಯಸ್ಸು, ಚಿಪ್ಪು ಕೂರುವ ತೊಡೆಮೂಳೆಯ ತೋಡು ಆಳವಿಲ್ಲದ್ದು, ಇವೆರಡೂ ಇದ್ದರೆ ಮತ್ತೆ ಜಾರುವ ಸಾಧ್ಯತೆ ಜಾಸ್ತಿ. ತುಂಡನ್ನು ಚಂದ ಕೂರಿಸಿ, ಚಿಪ್ಪನ್ನು ಹಾಗೇ ಸಡಿಲ ಬಿಟ್ಟರೆ ಸೋರುವ ಮಾಡಿನ ಕೆಳಗೆ ನೆಲ ಒರೆಸಿದ ಹಾಗೆ. ಆದ್ದರಿಂದ ಎಷ್ಟೋ ಸರ್ಜನ್ನರು ಅದೇ ಹೊತ್ತಿಗೆ ಆ ಪಟ್ಟಿಯನ್ನು ಹೊಲಿಯುತ್ತಾರೆ, ಇಲ್ಲವೆ ಮಗುವಿನದ್ದೇ ಸ್ನಾಯುವಿನ ಹುರಿಯಿಂದ ಹೊಸದು ಕಟ್ಟುತ್ತಾರೆ. 'ಪಟ್ಟಿಯನ್ನು ಏನು ಮಾಡುತ್ತೀರಿ?' ಎಂದು ಖಂಡಿತ ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಎತ್ತರದ ಭಯ ಸುಮ್ನೆ ಬಂದದ್ದಲ್ಲ. ತೊಡೆಮೂಳೆಯ ಬೆಳವಣಿಗೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಆಗುವುದು ಮೊಣಕಾಲಿನ ಹತ್ತಿರದ ತುದಿಯಲ್ಲಿ. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಅಲ್ಲಿರುವ ಬೆಳವಣಿಗೆಯ ಪದರವೂ ಕಾರ್ಟಿಲೇಜೇ, ಆದರೆ ಬೇರೆ ಕೆಲಸದ್ದು. ಅದನ್ನು ಡ್ರಿಲ್ಲಿನಿಂದ ಹಾಳು ಮಾಡಿದರೆ ಕಾಲು ಗಿಡ್ಡ ಆಗಬಹುದು ಅಥವಾ ಓರೆಯಾಗಬಹುದು. ಆದರೆ ಮಗಳ ತುಂಡು ಕೂರುವುದು ಚಿಪ್ಪಿನ ಮೇಲೆ. ಚಿಪ್ಪಿಗೂ ಎತ್ತರಕ್ಕೂ ಸಂಬಂಧವಿಲ್ಲ. ಜಾಗ್ರತೆ ಬೇಕಾದ್ದು ಆ ಪಟ್ಟಿ ಕಟ್ಟುವಾಗ. ಅದು ತೊಡೆಮೂಳೆಗೆ ಅಂಟುವ ಜಾಗ ಬೆಳವಣಿಗೆಯ ಪದರಕ್ಕೆ ತೀರಾ ಹತ್ತಿರ. ಮಕ್ಕಳ ಮೊಣಕಾಲಿನ ಅಭ್ಯಾಸ ಇರುವವರು ಆಪರೇಷನ್ ಟೇಬಲ್ಲಿನಲ್ಲೇ ಎಕ್ಸ್‌ರೇ ನೋಡಿಕೊಂಡು ಪದರದ ಕೆಳಗೆ ತೂತು ಕೊರೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಈ ಪದರ ಸುಮಾರು 14ಕ್ಕೆ, ಗಂಡುಮಕ್ಕಳಲ್ಲಿ 16ಕ್ಕೆ ಮುಚ್ಚುತ್ತದೆ. ಅಂದರೆ ಮಗಳಿಗೆ ಇನ್ನು ಬೆಳೆಯಲು ಉಳಿದದ್ದೂ ಕಮ್ಮಿಯೇ. ಮುಟ್ಟು ಶುರುವಾಗಿದೆಯೋ ಇಲ್ಲವೋ ಎಂದು ಡಾಕ್ಟರ್ ಕೇಳಿದರೆ ನಾಚಬೇಡಿ, ಇದೇ ಲೆಕ್ಕ ಹಾಕಲು ಕೇಳುವುದು.

ಈಗ ಉಪ್ಪಳದ ಹುಡುಗ. ಅವನಿಗೆ ಬಿದ್ದು ಪೆಟ್ಟಾಗಿಲ್ಲ. ಆಡಿ ಬಂದ ಮೇಲೆ ಸಣ್ಣಗೆ ನೋವು, ತಿಂಗಳುಗಟ್ಟಲೆ. ಹೌದಲ್ವಾ? ಹಾಗಿದ್ದರೆ ಅದು ಬಹುಶಃ ಆಸ್ಟಿಯೋಕಾಂಡ್ರೈಟಿಸ್ ಡಿಸೆಕನ್ಸ್. ಉದ್ದ ಹೆಸರು, ಅದೂ ತಪ್ಪು ಹೆಸರು. 1887ರಲ್ಲಿ ಜರ್ಮನಿಯ ಸರ್ಜನ್ ಫ್ರಾನ್ಜ್ ಕೋನಿಗ್ ಉರಿಯೂತ ಎಂದುಕೊಂಡು ಇಟ್ಟದ್ದು. ಆಮೇಲೆ ನೋಡಿದರೆ ಉರಿಯೂತವೇ ಇಲ್ಲ, ಹೆಸರು ಮಾತ್ರ ಉಳಿಯಿತು. ಇಲ್ಲಿ ತೊಂದರೆ ಶುರುವಾಗುವುದು ಗೆರಟೆಯಲ್ಲಿ, ಗಂಜಿಯಲ್ಲಲ್ಲ. ಕಾರ್ಟಿಲೇಜಿನ ಕೆಳಗಿನ ಮೂಳೆಯ ಒಂದು ತುಂಡಿಗೆ ರಕ್ತ ಸರಿಯಾಗಿ ಸಿಗದೆ, ಮತ್ತೆ ಮತ್ತೆ ಬೀಳುವ ಒತ್ತಡ ತಡೆಯಲಾರದೆ ಅದು ಸೊರಗುತ್ತದೆ. ಮೇಲಿನ ಕಾರ್ಟಿಲೇಜ್ ಇನ್ನೂ ಹರಿಯದೆ ಇದ್ದರೆ, ತುಂಡಿನ ಹಿಂದೆ ನೀರು ಸೇರದೆ ಇದ್ದರೆ, ಬೆಳವಣಿಗೆಯ ಪದರ ತೆರೆದಿದ್ದರೆ, ಓಟ ಜಿಗಿತ ನಿಲ್ಲಿಸಿದರೆ ಅದು ತಾನಾಗಿ ಮಾಗುತ್ತದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ಹಾಗೆಯೇ ಆಗುತ್ತದೆ. ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಮಾಗದಿದ್ದರೆ ಸೂಜಿಯಷ್ಟು ಸಣ್ಣ ತೂತುಗಳನ್ನು ಕೊರೆದು ರಕ್ತ ಹರಿಯುವ ದಾರಿ ಮಾಡುತ್ತಾರೆ. ತುಂಡು ಸಡಿಲವಾದರೆ ಮಾತ್ರ ಸ್ಕ್ರೂ.

ಕಷ್ಟ ಏನೆಂದರೆ, ಎರಡು ತಿಂಗಳಲ್ಲಿ ನೋವು ಹೋಗುತ್ತದೆ. ಹುಡುಗ ಚೆಂಡು ಹಿಡಿದು ಗದ್ದೆಗೆ ಓಡುತ್ತಾನೆ. ನೋವು ಹೋದದ್ದು ಮೂಳೆ ಮಾಗಿದ್ದರ ಲೆಕ್ಕ ಅಲ್ಲ. ಅಕ್ಕನಿಗೆ ಹೇಳಿ, ಎಕ್ಸ್‌ರೇ ಅಥವಾ ಎಂಆರ್‌ಐ ನೋಡಿ ಡಾಕ್ಟರ್ ಸರಿ ಅನ್ನುವವರೆಗೆ ಫುಟ್ಬಾಲ್ ಅಟ್ಟದ ಮೇಲಿರಲಿ. ಇನ್ನೊಂದು ಕಾಲನ್ನೂ ಒಮ್ಮೆ ನೋಡಿಸಲಿ. ಕೆಲವು ಮಕ್ಕಳಲ್ಲಿ ಎರಡೂ ಕಡೆ ಇರುತ್ತದೆ.

ಒಂದು ಗೊಂದಲ ಇಲ್ಲಿಯೇ ಬಿಡಿಸುತ್ತೇನೆ. 'ಕಾರ್ಟಿಲೇಜ್ ಹರಿದಿದೆ' ಎಂದು ಜನ ಹೇಳುವಾಗ ಎಷ್ಟೋ ಸಲ ಅದು ಮೆನಿಸ್ಕಸ್ ಆಗಿರುತ್ತದೆ. ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಹಾಗೆ ಕೂತಿರುವ ಮೆತ್ತೆ ಅದು. ನನ್ನ ಅಣ್ಣನಿಗೆ ಹದಿನಾರರಲ್ಲಿ ವಾಲಿಬಾಲ್ ಆಡುವಾಗ ಅದು ಹರಿಯಿತು. ಆಗಿನ ಕಾಲದಲ್ಲಿ ಹರಿದ ಮೆತ್ತೆಯನ್ನು ಪೂರ್ತಿ ಕಿತ್ತು ತೆಗೆಯುವುದೇ ಪದ್ಧತಿ. ಹಾಗೆ ತೆಗೆದ ಗಂಟು ಬೇಗ ಸವೆಯುತ್ತದೆ ಎಂಬ ಗುರುತುಗಳನ್ನು ಬ್ರಿಟನ್ನಿನ ಫೇರ್‌ಬ್ಯಾಂಕ್ 1948ರಲ್ಲೇ ಎಕ್ಸ್‌ರೇಯಲ್ಲಿ ತೋರಿಸಿದ್ದರು. ಆ ಮಾತು ಆಪರೇಷನ್ ಕೋಣೆಗಳಿಗೆ ಇಳಿಯಲು ದಶಕಗಳೇ ಬೇಕಾದವು. ಅಣ್ಣನಿಗೆ ನಲವತ್ತೈದರ ಒಳಗೆ ಮೆಟ್ಟಿಲು ಇಳಿಯುವುದು ಕಷ್ಟವಾಯಿತು. ನಾನು ಈ ಕೆಲಸಕ್ಕೆ ಬಂದ ಮೇಲೆ ಮಗುವಿನ ಮೊಣಕಾಲಿನಿಂದ ಏನನ್ನಾದರೂ 'ತೆಗೆದುಬಿಡೋಣ' ಅನ್ನುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಈಗ ಮಕ್ಕಳಲ್ಲಿ ಹರಿದ ಮೆನಿಸ್ಕಸನ್ನು ಸಾಧ್ಯವಾದಷ್ಟೂ ಹೊಲಿಯುತ್ತಾರೆ.

ಮಗಳ ತುಂಡು ಕೂರಿಸಲು ಆಗದಷ್ಟು ಚೂರಾಗಿದ್ದರೆ ಏನು ದಾರಿ? ಅದನ್ನೂ ತಿಳಿದಿರಿ. ಮೂಳೆಗೆ ಸಣ್ಣ ತೂತು ಮಾಡಿ ಮಜ್ಜೆಯ ರಕ್ತ ಬರಿಸುವುದು ಒಂದು. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಇದನ್ನು ಬಳಕೆಗೆ ತಂದರು. ಸುಲಭ, ಖರ್ಚು ಕಮ್ಮಿ. ಆದರೆ ಅಲ್ಲಿ ಬೆಳೆಯುವುದು ಮೂಲದ ನುಣ್ಣನೆಯ ಕಾರ್ಟಿಲೇಜ್ ಅಲ್ಲ, ನಾರು ನಾರಾದದ್ದು. ಎರಡು ಚದರ ಸೆಂಟಿಮೀಟರ್ ಒಳಗಿನ ಗಾಯಕ್ಕೆ ನಡೆಯುತ್ತದೆ, ವರ್ಷಗಳು ಕಳೆದ ಹಾಗೆ ಸವೆಯುತ್ತದೆ. ಇನ್ನೊಂದು, ಭಾರ ಬೀಳದ ಜಾಗದಿಂದ ಮೂಳೆ ಸಮೇತ ಸಣ್ಣ ಬಿರಡೆ ತೆಗೆದು ಗುಂಡಿಗೆ ತುಂಬುವುದು. ನಮ್ಮ ಗಾರೆಯವರು ಮೂಲೆಯ ಟೈಲ್ಸ್ ತೆಗೆದು ನಡುಮನೆಗೆ ಹಾಕಿದ ಹಾಗೆ. ಮೂರನೆಯದು, ನಿಮ್ಮ 'ಸ್ಟೆಮ್ ಸೆಲ್' ಪ್ರಶ್ನೆಗೆ ಹತ್ತಿರದ್ದು, ಆದರೆ ಅದಲ್ಲ. ಮಗುವಿನ ಕಾರ್ಟಿಲೇಜಿನ ಚೂರು ತೆಗೆದು ಲ್ಯಾಬಿನಲ್ಲಿ ಕೆಲವು ವಾರ ಜೀವಕೋಶ ಬೆಳೆಸಿ, ಎರಡನೇ ಆಪರೇಷನ್ನಿನಲ್ಲಿ ಗುಂಡಿಗೆ ಹಾಕುವುದು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 1987ರಲ್ಲಿ ಮೊದಲು ಮಾಡಿ, 1994ರಲ್ಲಿ ಪ್ರಕಟಿಸಿದರು. ದೊಡ್ಡ ಗಾಯಕ್ಕೆ ಒಳ್ಳೆಯ ದಾರಿ, ಖರ್ಚು ದೊಡ್ಡದು. ಇವೆಲ್ಲ ಎರಡನೇ ಸಾಲಿನವು. ಅವಳದ್ದೇ ತುಂಡು ಅವಳದ್ದೇ ಜಾಗದಲ್ಲಿ ಕೂತರೆ ಅದಕ್ಕೆ ಸಮ ಇನ್ನೊಂದಿಲ್ಲ.

ಮೊಬೈಲಿನಲ್ಲಿ ನೋಡಿದ ಇಂಜೆಕ್ಷನ್ ಬೇಡ. ತೇಲುವ ತುಂಡನ್ನು ಯಾವ ಇಂಜೆಕ್ಷನ್ನೂ ಹಿಡಿದು ಕೂರಿಸಲಾರದು. ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಇರುವುದು ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ. ಉಳಿದದ್ದೆಲ್ಲ ಇನ್ನೂ ಪ್ರಯೋಗ. ಪ್ರಯೋಗಕ್ಕೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆಪರೇಷನ್ ಆದ ಮೇಲಿನ ಕೆಲಸ ನಿಮ್ಮ ಮನೆಯಲ್ಲಿ ನಡೆಯುವಂಥದ್ದು. ನಿಜವಾದ ಕಷ್ಟ ಅಲ್ಲಿಯೇ. ಚಿಪ್ಪಿನ ಗಾಯಕ್ಕೆ ಒಂದು ಅನುಕೂಲ ಇದೆ. ಕಾಲು ನೆಟ್ಟಗಿದ್ದರೆ ಚಿಪ್ಪಿನ ಮೇಲೆ ಒತ್ತಡ ಇಲ್ಲ, ಮಡಚಿದ ಹಾಗೆ ಒತ್ತಡ ಏರುತ್ತದೆ. ಆದ್ದರಿಂದ ಕಾಲಿಗೆ ಕಟ್ಟುವ ಆಸರೆಯಾದ ಬ್ರೇಸನ್ನು ನೆಟ್ಟಗೆ ಬೀಗ ಹಾಕಿ, ಊರುಗೋಲು ಹಿಡಿದು, ಸಾಮಾನ್ಯವಾಗಿ ಬೇಗನೆ ಪಾದ ಊರಲು ಬಿಡುತ್ತಾರೆ. ಗಾಯ ತೊಡೆಮೂಳೆಯ ತುದಿಯಲ್ಲಿದ್ದರೆ ಹಾಗಲ್ಲ, ಸುಮಾರು ಆರು ವಾರ ಭಾರ ಹಾಕಬಾರದು. ಬೇರೆಯವರ ಮಗು ನಡೆದದ್ದನ್ನು, ನಡೆಯದ್ದನ್ನು ನೋಡಿ ನಿಮ್ಮದನ್ನು ಅಳೆಯಬೇಡಿ. ಆದರೆ ಎಲ್ಲರಿಗೂ ಗಂಟನ್ನು ಮಡಚುವ ಅಭ್ಯಾಸ ಬೇಗ ಶುರುವಾಗಬೇಕು, ಸ್ವಲ್ಪ ಸ್ವಲ್ಪವೇ. ಇಲ್ಲದಿದ್ದರೆ ಗಂಟು ಬಿಗಿಯುತ್ತದೆ. ನಾನು ಹೆಚ್ಚಾಗಿ ನೋಡಿದ ತೊಂದರೆ ಸೋಂಕಲ್ಲ, ಈ ಬಿಗಿತವೇ. ಮಗು ಅಳುತ್ತದೆ ಅಂತ ಅಜ್ಜಿಯಂದಿರು ವ್ಯಾಯಾಮ ನಿಲ್ಲಿಸಿಬಿಡುತ್ತಾರೆ. ತುಂಡು ಕೂಡದೆ ಇರುವುದು, ಸ್ಕ್ರೂ ಎದ್ದು ಬರುವುದು ಕೂಡ ಆಗುವುದುಂಟು. ಆಗ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಇದನ್ನು ಮುಚ್ಚಿಡುವುದಿಲ್ಲ.

ಮನೆಗೆ ತೋಟದ ಮೆಟ್ಟಿಲು ಇಳಿದು ಹೋಗಬೇಕಾದರೆ ಎರಡು ತಿಂಗಳು ರಸ್ತೆ ಬದಿಯ ನೆಂಟರ ಮನೆಯಲ್ಲಿ ಇರುವುದು ವಾಸಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಆಗದು. ಕೊಮೋಡ್ ಕುರ್ಚಿ ಮೊದಲೇ ತಂದಿಡಿ. ಊಟಕ್ಕೆ ನೆಲದಲ್ಲಿ ಚಕ್ಕಳಮಕ್ಕಳ ಬೇಡ, ಮೂರು ತಿಂಗಳಾದರೂ. ಶಾಲೆಯಲ್ಲಿ ಕ್ಲಾಸು ಮಹಡಿಯಲ್ಲಿದ್ದರೆ ಹೆಡ್‌ಮಾಸ್ಟರಲ್ಲಿ ಮಾತಾಡಿ ಕೆಳಗೆ ಹಾಕಿಸಿಕೊಳ್ಳಿ.

ದಿಗಿಣ ಕೇಳಿದ್ದೀರಿ. ತಿರುಗುತ್ತ ಹಾರಿ, ಮಡಚಿದ ಕಾಲಿನ ಮೇಲೆ ಇಳಿಯುವುದು, ಮತ್ತೆ ಹಾರುವುದು. ಚಿಪ್ಪಿನ ಅಡಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ತಾಳ ಹಾಕುತ್ತ ಕೂತು ಮಾತುಗಾರಿಕೆ ಕಲಿಯಲು ಮೊದಲ ತಿಂಗಳಿಂದಲೇ ಅಡ್ಡಿಯಿಲ್ಲ. ಮೆಲ್ಲಗೆ ಹೆಜ್ಜೆ ಹಾಕುವುದು ನಾಲ್ಕು ತಿಂಗಳ ಹೊತ್ತಿಗೆ. ದಿಗಿಣ, ಕಬಡ್ಡಿ ಆರರಿಂದ ಒಂಬತ್ತು ತಿಂಗಳಿಗೆ. ಅದೂ ತುಂಡು ಕೂಡಿದ್ದು ಕಂಡ ಮೇಲೆ, ತೊಡೆಯ ಬಲ ಇನ್ನೊಂದು ಕಾಲಿಗೆ ಹೆಚ್ಚುಕಮ್ಮಿ ಸಮ ಬಂದ ಮೇಲೆ. ನಾಟ್ಯದ ಗುರುಗಳಿಗೆ ಈಗಲೇ ಹೇಳಿಡಿ. ಮಕ್ಕಳ ಮೇಳದ ಆಟ ಬಂತು ಅಂತ ಅವಸರ ಮಾಡುವವರು ಸಾಮಾನ್ಯವಾಗಿ ಮಕ್ಕಳಲ್ಲ, ನಾವು ದೊಡ್ಡವರೇ.

ಎಲ್ಲಿ ಮಾಡಿಸುವುದು? ಮಂಗಳೂರು ನಿಮಗೆ ಹತ್ತಿರ. ಪರಿಯಾರಂನ ಕಣ್ಣೂರು ಸರಕಾರಿ ಮೆಡಿಕಲ್ ಕಾಲೇಜಿನಲ್ಲೂ ವಿಚಾರಿಸಿ ನೋಡಬಹುದು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಯಾವ ಆಸ್ಪತ್ರೆ, ಯಾವ ಆಪರೇಷನ್ನಿಗೆ ಆ ಕಾರ್ಡ್ ತೆಗೆದುಕೊಳ್ಳುತ್ತದೆ ಎಂದು ದಾಖಲಾಗುವ ಮೊದಲೇ ಕೌಂಟರಿನಲ್ಲಿ ಕೇಳಿ. ಸ್ಕ್ರೂವಿನ ಬೆಲೆ ಬೇರೆಯೇ ಹಾಕುತ್ತಾರಾ ಎಂದೂ ಕೇಳಿ. ಸಮ್ಮತಿ ಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರಬಹುದು. ಕನ್ನಡದಲ್ಲಿ ಓದಿ ಹೇಳಲು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಎಂಆರ್‌ಐಯ ಕಾಗದದ ರಿಪೋರ್ಟು ಮಾತ್ರ ಸಾಲದು, ಸಿಡಿಯನ್ನೂ ತೆಗೆದುಕೊಂಡು ಹೋಗಿ. ಸರ್ಜನ್ ನೋಡಬೇಕಾದ್ದು ಚಿತ್ರವನ್ನು.

ಅಲ್ಲಿಯವರೆಗೆ ಕಾಲನ್ನು ಬ್ರೇಸಿನಲ್ಲಿ ನೆಟ್ಟಗೆ ಇಡಿ. ಗಂಟು ಮಡಚಲೂ ಆಗದೆ, ನೀಟಲೂ ಆಗದೆ ಒಮ್ಮೆಲೇ ಸಿಕ್ಕಿಕೊಂಡರೆ ತುಂಡು ಮಧ್ಯೆ ಬಂದಿದೆ ಅಂತ ತಿಳಿಯಿರಿ. ಎಳೆದು ಬಿಡಿಸಲು ಹೋಗಬೇಡಿ. ಇದ್ದ ಹಾಗೆಯೇ ದಿಂಬು ಕೊಟ್ಟು, ಅದೇ ದಿನ ಹೊರಡಿ.